ಮಾರ್ಜಿನ್ ಬಿಟ್ಟು ಅಳೆದ ಮನೆ

ಜೂನ್ 3

ಪ್ರೀತಿಯ ನಾದಿನಿಗೆ, ಅಂದರೆ ಈ ಮನೆಯ ಒಡತಿಗೆ,

ಗಾಬರಿ ಬೀಳಬೇಡ, ಯಾರಿಗೂ ಏನೂ ಆಗಿಲ್ಲ. ನಗರಸಭೆಯಿಂದ ನೋಟಿಸು ಬಂದಿದೆ, ಅಷ್ಟೆ.

ಇಷ್ಟು ವರ್ಷ ನಮ್ಮ ಬೀದಿಯ ಮನೆಗಳಿಗೆಲ್ಲ ಒಂದೇ ತೆರಿಗೆ ಇತ್ತು. ಮನೆಗಳೂ ಒಂದೇ ಥರ ಇವೆಯಲ್ಲ, ಒಂದೇ ಥಾನಿನಲ್ಲಿ ಕತ್ತರಿಸಿ ಹೊಲಿದ ಯೂನಿಫಾರಮ್ಮಿನ ಹಾಗೆ. ಈಗ ಇಲ್ಲೂ ರೈಲು ನಿಲ್ಲುತ್ತದೆ, ಬೀದಿಗೆ ಡಾಂಬರು ಬಿದ್ದಿದೆ. ದೊಡ್ಡ ಊರಿನ ಬಾಲವಾಗಿದ್ದವರು ಸೊಂಟದ ತನಕ ಬಂದುಬಿಟ್ಟೆವು ಅಂತ ನಗರಸಭೆಗೆ ಅನ್ನಿಸಿದೆ. ಆದ್ದರಿಂದ ಹೊಸ ದರ. ಮನೆಯನ್ನು ನಾವೇ ಅಳೆದು ಚದರಡಿ ಬರೆದುಕೊಡಬೇಕು. ಮನೆಯ ಒಡೆಯರೇ ವಾಸವಿದ್ದರೆ ಒಂದು ದರ, ಬೇರೆಯವರು ಇದ್ದರೆ ಅದರ ಎರಡರಷ್ಟು.

ವಿಚಾರಿಸೋಣ ಅಂತ ಕಚೇರಿಗೆ ಹೋದೆ. ತೆರಿಗೆಯ ಗುಮಾಸ್ತ ಕೂತಿದ್ದ. ಮೇಲಿನ ಹಲ್ಲುಸೆಟ್ಟು ಮಾತಿಗೊಮ್ಮೆ ಟಕ್ ಅನ್ನುತ್ತದೆ. ಆಸಾಮಿಗಿಂತ ಸೆಟ್ಟೇ ಜೋರು.

"ಮನೆ ಯಾರ್ದಮ್ಮ?"

"ನನ್ನ ನಾದಿನೀದು."

"ನೀವು ಬಾಡಿಗೆ ಕೊಡ್ತೀರಾ?"

"ಅತ್ತಿಗೆ ಎಲ್ಲಾದ್ರೂ ಬಾಡಿಗೆ ಕೊಡ್ತಾಳೇನ್ರೀ?"

"ಹಾಗಾದ್ರೆ ನೀವು ಆ ಮನೇಲಿ ಏನು? ಇರೋದು ಮೂರೇ ಕಲಂ. ಒಡೆಯರು, ಬಾಡಿಗೆದಾರರು, ಖಾಲಿ. ಅತ್ತಿಗೆ ಅನ್ನೋ ಕಲಂ ಇಲ್ಲ."

"ಖಾಲಿ ಅಂತ್ಲೇ ಬರ್ಕೊಳ್ಳಿ, ನೀವು ನೋಡೋಕೆ ಬಂದಾಗ ಉಸಿರು ಬಿಗಿ ಹಿಡ್ಕೊಂಡಿರ್ತೀನಿ" ಅಂದೆ. ನಗಲಿಲ್ಲ. ನಕ್ಕರೆ ಸೆಟ್ಟು ಕೈಗೆ ಬರುತ್ತದೆ ಅಂತ ಭಯವೋ ಏನೋ.

ತಮಾಷೆ ಇರಲಿ. ಈ ಮನೆ ನಿನ್ನ ದುಡಿಮೆಯದು. ನಿಮ್ಮಣ್ಣನೂ ನಾನೂ ಪೆಟ್ಟಿಗೆ ಹಿಡಿದು ಬಂದು ಸೇರಿಕೊಂಡವರು. ಅವರು ಹೋಗಿ ಎರಡು ವರ್ಷವಾಯಿತು, ಈಗ ಉಳಿದಿರುವುದು ನಾನು ಮತ್ತು ಹೊಲಿಗೆ ಮಿಷನ್ನು. ನನ್ನ ದೆಸೆಯಿಂದ ನಿನ್ನ ತಲೆಗೆ ಎರಡು ಪಟ್ಟು ತೆರಿಗೆ. ಏನು ಮಾಡಲಿ ಹೇಳು. ಫೋನ್ ಮಾತ್ರ ಬೇಡ. ಫೋನಿನಲ್ಲಿ ನಿಮ್ಮಿಬ್ಬರದೂ ಜಗಳವೇ, ಕಾಗದ ಬರೆದುಕೊಳ್ಳಿ, ಅಂಚೆ ತಲುಪುವಷ್ಟರಲ್ಲಿ ಕೋಪ ಆರಿರುತ್ತದೆ ಅಂತ ನಿಮ್ಮಣ್ಣ ಕೊಟ್ಟ ತೀರ್ಪನ್ನು ನಾನಿನ್ನೂ ಮೀರಿಲ್ಲ.

ಗೋಡೆ ನಿನ್ನದು, ಗೂಡು ನನ್ನದು;
ನೋಟಿಸು ಮಾತ್ರ ನಮ್ಮಿಬ್ಬರದು.

ನಿನ್ನ ಅತ್ತಿಗೆ


ಜೂನ್ 19

ಅತ್ತಿಗೆ,

ಕಾಗದ ತಲುಪಿತು. ಅಕ್ಷರ ಸೊಟ್ಟಗಿದೆ ಅಂತ ಆಡಿಕೊಳ್ಳಬೇಡ, ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಹಲ್ಲುಸೆಟ್ಟು ಮಾಡುವ ನಮ್ಮ ಲ್ಯಾಬಿನಲ್ಲಿ ಉಸಿರಾಡಲೂ ಬಿಡುವಿಲ್ಲ, ಈ ಊರಿನವರೆಲ್ಲ ಒಟ್ಟಿಗೇ ಹಲ್ಲು ಉದುರಿಸಿಕೊಂಡಂತೆ ಕಾಣುತ್ತದೆ.

ತೆರಿಗೆ ಎಷ್ಟಾದರೂ ನಾನು ಕಟ್ಟುತ್ತೇನೆ. ಆ ಚಿಂತೆ ನಿನಗೆ ಬೇಡ. ಮನೆಯನ್ನು ಅಳೆದು, ಒಂದೊಂದು ಕೋಣೆಯ ಉದ್ದ ಅಗಲ ನನಗೂ ಬರೆದು ಕಳಿಸು. ಯಾವ ಯಾವ ಕೋಣೆ ಬಳಸುತ್ತಿದ್ದೀಯ, ಯಾವುದನ್ನು ಬಳಸುತ್ತಿಲ್ಲ, ಅದನ್ನೂ ತಿಳಿಸು. ಹಿಂದಿನ ಕೋಣೆಯ ಕಿಟಕಿ ಈಗಲೂ ಸರಿಯಾಗಿ ಮುಚ್ಚುತ್ತದೆಯೇ?

ಗುಮಾಸ್ತನ ಸೆಟ್ಟು ಟಕ್ ಅನ್ನುವುದು ಮೇಲಿನ ಹಲ್ಲಿನ ತಪ್ಪಲ್ಲ. ಹಿಂದಿನ ದವಡೆಯಲ್ಲಿ ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ಜಾಗ, ಎತ್ತರವಾಗಿದೆ. ಎರಡೂ ಕಡೆ ಕೂದಲೆಳೆಯಷ್ಟು ಉಜ್ಜಿಸಿಕೊಂಡರೆ ಬಾಯಿ ಮುಚ್ಚುತ್ತದೆ. ಅವನಿಗೆ ಹೇಳು.

ನಾದಿನಿ


ಜೂನ್ 30

ಗೌರವಾನ್ವಿತ ಮನೆ ಒಡತಿಯವರಿಗೆ,

ನೀವು ಕೇಳಿದ ಅಳತೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಗಡುವು ಹತ್ತಿರ ಬಂದಿದ್ದರಿಂದ ಅದೇ ಲೆಕ್ಕವನ್ನು ಕಚೇರಿಗೂ ಕೊಟ್ಟಾಯಿತು.

ಮುಂದಿನ ಕೋಣೆಯಲ್ಲಿ ಹೊಲಿಗೆ ನಡೆಯುತ್ತದೆ. ನಡುವಿನದರಲ್ಲಿ ಮಲಗುತ್ತೇನೆ. ಅಡುಗೆಮನೆಯನ್ನು ಬೇಕಾದಷ್ಟೇ ಬಳಸುತ್ತೇನೆ. ಹಿಂದಿನ ಕೋಣೆ ನಿಮ್ಮದು, ಅದಕ್ಕೆ ನಾನು ಕೈ ಹಚ್ಚಿಲ್ಲ. ಕಿಟಕಿ ಚೆನ್ನಾಗಿಯೇ ಮುಚ್ಚುತ್ತದೆ. ನೋಡಲು ಬರುವವರಿಗೆ ತೊಂದರೆಯಾಗದಂತೆ ಮನೆ ಸ್ವಚ್ಛವಾಗಿಯೇ ಇದೆ.

ದಾರದಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ ಬಾಡಿಗೆಗಿದೆ. ಮಿಷನ್ನು ಮೆಟ್ಟಿಲು ಹತ್ತುತ್ತದೆಯೋ ಇಲ್ಲವೋ ಅಂತ ಸುಮ್ಮನೆ ಹೋಗಿ ನೋಡಿ ಬಂದೆ. ಹತ್ತುತ್ತದೆ.

ಇಂತಿ,
ಅಣ್ಣನ ಹೆಂಡತಿ


ಜುಲೈ 12

ಅತ್ತಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೆಯ ಸಲ ಸಿಟ್ಟು ಬಂತು. ಮೂರನೆಯ ಸಲ, ಕೊನೆಯಲ್ಲಿ ಪ್ರಾಸವಿಲ್ಲ ಅನ್ನುವುದು ಕಣ್ಣಿಗೆ ಬಿತ್ತು, ಆಗ ಹೆದರಿಕೆಯಾಯಿತು. ಅಣ್ಣ ತೀರಿಕೊಂಡ ವಾರ ಬರೆದ ಕಾಗದದಲ್ಲೂ ನೀನು ಪ್ರಾಸ ಬಿಟ್ಟಿರಲಿಲ್ಲ.

ನಾನು ಯಾವಾಗ 'ನೀವು' ಆದೆ? ನೋಡಲು ಬರುವವರು ಅಂದರೆ ಯಾರು? ದಾರದಂಗಡಿಯ ಮಾಳಿಗೆಗೆ ಮಿಷನ್ನು ಯಾಕೆ ಹತ್ತಬೇಕು? ಒಂದೂ ಅರ್ಥವಾಗಲಿಲ್ಲ. ಕೋಪ ಇದ್ದರೆ ನೇರವಾಗಿ ಬೈದುಬಿಡು, ಹೀಗೆ ಇಸ್ತ್ರಿ ಹಾಕಿದ ಮಾತಿನಲ್ಲಿ ಸುಡಬೇಡ.

ಇನ್ನು ನಿನ್ನ ಅಳತೆ. ಮೂರು ಕೋಣೆಯ ಅಗಲ ಕೂಡಿಸಿದರೆ ನಮ್ಮ ಮನೆ ಪಕ್ಕದವರ ಅಡುಗೆಮನೆಗೆ ನುಗ್ಗಿ ಅವರ ಒಲೆಯ ಮುಂದೆ ನಿಲ್ಲುತ್ತದೆ. ಹಿಂದಿನ ಕೋಣೆಯಂತೂ ಬೀದಿ ದಾಟಿದೆ. ಅಲ್ಲಿ ಹಾಸಿಗೆ ಹಾಕಿದರೆ ಕಾಲು ಗೋಡೆಗೆ ತಾಗುತ್ತಿತ್ತು, ನನಗೆ ನೆನಪಿದೆ. ಅದು ಯಾವಾಗ ಬೆಳೆಯಿತು? ಜೀವಮಾನವೆಲ್ಲ ಕೂದಲೆಳೆಯ ಅಳತೆಯಲ್ಲೇ ಹಲ್ಲು ಕೆತ್ತಿದವಳಿಗೆ ಇದನ್ನು ಕಳಿಸುತ್ತೀಯಲ್ಲ, ನಾಚಿಕೆ ಆಗುವುದಿಲ್ಲವೇ?

ಕೋಣೆಗಳ ವಿಷಯ ಸುಮ್ಮನೆ ಕೇಳಿದ್ದು. ಅದಕ್ಕೆ ಬೇರೆ ಕಾರಣವೇನಿಲ್ಲ.

ನಿನ್ನ ನಾದಿನಿ


ಜುಲೈ 25

ಪ್ರೀತಿಯ ನಾದಿನಿ,

ನಾನು ಪೆದ್ದಿ. ಇದನ್ನು ಕಾಗದದ ಮೇಲೆ ಬರೆದು ಕೊಡುತ್ತಿದ್ದೇನೆ, ಜೋಪಾನವಾಗಿ ಎತ್ತಿಟ್ಟುಕೋ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ.

ಉದ್ದ ಎಷ್ಟು, ಅಗಲ ಎಷ್ಟು, ಯಾವ ಕೋಣೆ ಖಾಲಿ, ಕಿಟಕಿ ಮುಚ್ಚುತ್ತಾ ಅಂತ ಕೇಳಿದೆಯಲ್ಲ, ಮನೆ ಮಾರುವವರು ಕೇಳುವುದೂ ಇದನ್ನೇ. ಎರಡು ಪಟ್ಟು ತೆರಿಗೆ ಕಟ್ಟಿಕೊಂಡು ಅತ್ತಿಗೆಯನ್ನು ಯಾಕೆ ಸಾಕಬೇಕು, ಮಾರಿಬಿಡೋಣ ಅಂತ ನೀನು ಎಣಿಸಿದೆ ಅಂದುಕೊಂಡೆ. ನೀನಾಗಿ ಹೇಳುವ ಮೊದಲು ನಾನೇ ಹೊರಟುಬಿಟ್ಟರೆ ನಿನಗೆ ಮುಜುಗರ ಇರುವುದಿಲ್ಲ ಅಂತ ಮಾಳಿಗೆ ಹತ್ತಿದೆ. ಆ ಕೋಣೆಯಲ್ಲಿ ನೆಟ್ಟಗೆ ನಿಂತರೆ ತಲೆ ಸೂರಿಗೆ ತಾಗುತ್ತದೆ. ಕೂತೇ ಹೊಲಿಯುವವಳಿಗೆ ನಿಲ್ಲುವ ಜಾಗ ಯಾಕೆ ಅಂತ ಸಮಾಧಾನವನ್ನೂ ಹೇಳಿಕೊಂಡಿದ್ದೆ.

ಇನ್ನು ಅಳತೆಯ ಕಥೆ ಕೇಳು. ಬೀದಿಯ ಮನೆಗಳೆಲ್ಲ ಒಂದೇ ಸಮ ಇರುವಾಗ ನಮ್ಮದೊಂದೇ ದಪ್ಪಗಾಗಿದೆ ಅಂತ ಕಚೇರಿಗೆ ಅನುಮಾನ ಬಂದು, ಅದೇ ಗುಮಾಸ್ತ ಉಕ್ಕಿನ ಟೇಪು ಹಿಡಿದು ಬಂದ. ಅಳೆದ. ಇನ್ನೊಮ್ಮೆ ಅಳೆದ. ನನ್ನ ಮುಖ ನೋಡಿದ.

"ಏನಮ್ಮಾ, ತೆರಿಗೆ ಕಮ್ಮಿ ಆಗ್ಲಿ ಅಂತ ಮನೆ ಚಿಕ್ಕದು ಮಾಡಿ ಬರೆಯೋರನ್ನ ನೋಡಿದೀನಿ. ದೊಡ್ಡದು ಮಾಡಿ ಬರೆದೋರು ನೀವೇ ಮೊದಲು. ಹೆಂಗೆ ಅಳೆದ್ರಿ?"

ತೋರಿಸಿದೆ. ನನ್ನ ಬಟ್ಟೆಯ ಟೇಪನ್ನು ಗೋಡೆಯಿಂದ ಗೋಡೆಗೆ ಹಿಡಿದೆ. ಆ ತುದಿಗೊಂದು ಗೇಣು, ಈ ತುದಿಗೊಂದು ಗೇಣು ಸೇರಿಸಿ ಬರೆದುಕೊಂಡೆ.

"ಈ ಗೇಣು ಯಾಕೆ?"

"ಮಾರ್ಜಿನ್ ಬೇಡ್ವಾ?"

ಹೇಳಿದ ಮೇಲೆ ನನಗೇ ಹೊಳೆಯಿತು. ಬೆಳೆಯುವ ಮಕ್ಕಳ ಯೂನಿಫಾರಂ ಹೊಲಿದು ಹೊಲಿದು ಕೈ ಹಾಗೇ ಆಗಿಬಿಟ್ಟಿದೆ. ಯಾವುದನ್ನು ಅಳೆದರೂ ಒಳಗೆ ಮಡಿಸಿಡಲು ಒಂದಿಷ್ಟು ಬಿಡುತ್ತದೆ, ಮುಂದೆ ಬಿಚ್ಚಿಕೊಳ್ಳಲಿ ಅಂತ. ಗುಮಾಸ್ತ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ ನೋಡು, ಹಲ್ಲು ಟಕಟಕ ತಾಳ ಹಾಕಿದವು. "ಅಮ್ಮಾ, ಗೋಡೆ ಬೆಳೆಯಲ್ಲ" ಅಂದ. ನೀನು ಹೇಳಿದ ಉಜ್ಜಿಸುವ ಉಪಾಯವನ್ನು ಅವನಿಗೆ ಹೇಳಿದೆ. ಕೃತಜ್ಞತೆಯಿಂದ ಎಲ್ಲ ಗೇಣುಗಳನ್ನೂ ಹೊಡೆದುಹಾಕಿ ಸರಿಯಾದ ಅಳತೆ ಬರೆದುಕೊಂಡ.

ಹಿಂದಿನ ಕೋಣೆಗೆ ಮಾತ್ರ ಗೇಣಿನ ಬದಲು ಎರಡೆರಡು ಗೇಣು ಬಿಟ್ಟಿದ್ದೆ. ಯಾಕೆ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, "ಒಡತಿ ಇಲ್ಲೇ ವಾಸ ಇದ್ರೆ ತೆರಿಗೆ ಅರ್ಧ ಆಗ್ತಿತ್ತು. ಬರೋ ಹಾಗಿದಾರಾ?" ಅಂದ. ನನ್ನ ಬಾಯಿ ನನ್ನನ್ನು ಕೇಳದೆ, "ಬರ್ತಾ ಇದಾಳೆ" ಅಂದುಬಿಟ್ಟಿತು. ಸೆಪ್ಟೆಂಬರ್ ಕೊನೆಯೊಳಗೆ ಬಂದರೆ ಸರಿ, ತಾನೇ ಬಂದು ನೋಡಿ ಬರೆದುಕೊಳ್ಳುತ್ತೇನೆ ಅಂತ ಹೋದ.

ಆದ್ದರಿಂದ ಬಂದು ಸ್ವಲ್ಪ ದಿನ ಇದ್ದು ಹೋಗು. ತೆರಿಗೆಗೋಸ್ಕರ ಹೇಳುತ್ತಿದ್ದೇನೆ, ಬೇರೆ ಏನೂ ಅಲ್ಲ.

ಟೇಪು ಹಿಡಿದೆ, ತಪ್ಪು ಅಳೆದೆ;
ಕೋಪ ಬಂತು, ಕಾಗದ ಬರೆದೆ.

ಅತ್ತಿಗೆ


ಆಗಸ್ಟ್ 14

ಅತ್ತಿಗೆ,

ಉತ್ತರ ತಡವಾಯಿತು. ಈ ಒಂದು ಹಾಳೆ ಬರೆಯಲು ಎಷ್ಟು ಹಾಳೆ ಹರಿದೆ ಅಂತ ಕೇಳಬೇಡ.

ಜೂನ್ ಕಾಗದವನ್ನು ಬಸ್ಸಿನಲ್ಲಿ ಬರೆದಿರಲಿಲ್ಲ. ಮೇಜಿನ ಮುಂದೆ, ಅಲುಗಾಡದ ಕುರ್ಚಿಯಲ್ಲಿ ಕೂತೇ ಬರೆದದ್ದು. ಅಲುಗಾಡುತ್ತಿರುವುದು ನನ್ನ ಕೈ. ಚಳಿಗಾಲದಲ್ಲಿ ಶುರುವಾಯಿತು. ಡಾಕ್ಟರು ಪ್ರಾಣಕ್ಕೇನೂ ಅಪಾಯವಿಲ್ಲ ಅಂದರು, ಹಾಗೆಯೇ ಇದು ಹೋಗುವುದೂ ಇಲ್ಲ ಅಂದರು. ಮೇಣದಲ್ಲಿ ದವಡೆ ಹಲ್ಲಿನ ಗೀರು ಕೊರೆಯುವ ಕೆಲಸ ನನ್ನದು. ಒಂದು ದಿನ ಒಬ್ಬರ ಹಲ್ಲಿಗೆ ಹೊಲ ಉತ್ತ ಹಾಗೆ ಗೀರು ಹಾಕಿದೆ. ಲ್ಯಾಬಿನ ಯಜಮಾನರು ಒಳ್ಳೆಯವರು. ಆ ಹಲ್ಲನ್ನು ಕೈಯಲ್ಲಿ ಹಿಡಿದು ನೋಡಿದರು, ಮರುದಿನ ನನ್ನ ಮೇಜನ್ನು ಫೋನಿನ ಪಕ್ಕಕ್ಕೆ ಎಳೆಸಿದರು. ಈಗ ನಾನು "ನಿಮ್ಮ ಹಲ್ಲು ಗುರುವಾರ ಸಿದ್ಧವಾಗುತ್ತೆ" ಅಂತ ಹೇಳುವ ಹೆಂಗಸು.

ಹಿಂದಿನ ಕೋಣೆಯ ಕಿಟಕಿ ಯಾಕೆ ಕೇಳಿದೆ ಅಂತ ಈಗ ಗೊತ್ತಾಗಿರಬೇಕು. ಬಂದುಬಿಡಲೇ ಅಂತ ಕೇಳಲು ಬಾಯಿ ಬರಲಿಲ್ಲ, ಕಿಟಕಿಯನ್ನು ಕೇಳಿದೆ.

ಆದರೆ ನಾನು ಬರುವುದಿಲ್ಲ. ಕೊನೆಯ ವರ್ಷ ಅಣ್ಣನಿಗೆ ನೀನು ಊಟ ಮಾಡಿಸಿದ್ದನ್ನು ನೋಡಿದ್ದೇನೆ. ಚಮಚ ಅವನ ಕೈಯಲ್ಲೇ ಇರುತ್ತಿತ್ತು, ನಿನ್ನ ಕೈ ಅವನ ಕೈ ಮೇಲೆ. ತಾನೇ ಉಣ್ಣುತ್ತಿದ್ದೇನೆ ಅಂತ ಅವನಿಗೆ ಅನ್ನಿಸಲಿ ಅಂತ. ಆ ಕೈಗೆ ಈಗಷ್ಟೇ ವಿರಾಮ ಸಿಕ್ಕಿದೆ. ಇನ್ನೊಂದು ಚಮಚ ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಲ್ಲಲಾರೆ. ಎರಡು ಪಟ್ಟು ತೆರಿಗೆಯೇ ಇರಲಿ, ಕಟ್ಟುತ್ತೇನೆ. ಮನೆ ಮಾರುವುದಿಲ್ಲ. ನೀನು ಅಲ್ಲೇ, ನೆಟ್ಟಗೆ ನಿಲ್ಲಬಹುದಾದ ಕೋಣೆಯಲ್ಲೇ ಇರು.

ನಾದಿನಿ


ಆಗಸ್ಟ್ 24

ಪೆದ್ದಿ ನಾದಿನಿಗೆ,

ನನ್ನ ಪೆದ್ದುತನಕ್ಕೆ ಬರವಣಿಗೆಯಲ್ಲಿ ಪುರಾವೆ ಕೊಟ್ಟಿದ್ದೆ. ಅದರ ಜೊತೆಗೆ ಈಗ ನಿನ್ನದನ್ನೂ ಸೇರಿಸಿ ದಾರ ಕಟ್ಟಿ ಇಡು.

ಆರು ತಿಂಗಳು! ಆರು ತಿಂಗಳು ಕೈ ನಡುಗುತ್ತಿದ್ದರೂ ನನಗೆ ಹೇಳಲಿಲ್ಲ, ಊರಿನವರ ಹಲ್ಲಿನ ಸುದ್ದಿ ಬರೆದೆ. ಕಾಗದ ಓದಿ ಮುಂದಿನ ಕೋಣೆಯಲ್ಲಿ ಕೂತು ಅತ್ತೆ. ಶಾಲೆಯ ಆಯಾ ಬಟ್ಟೆ ಕೊಡಲು ಬಂದವಳು, "ಏನಾಯ್ತಕ್ಕಾ?" ಅಂದಳು. "ತೆರಿಗೆ ಜಾಸ್ತಿ ಮಾಡಿದಾರೆ" ಅಂದೆ. "ಅಯ್ಯೋ, ಅದಕ್ಕೆ ಯಾರಾದ್ರೂ ಹೀಗೆ ಅಳ್ತಾರಾ? ಬೈಬೇಕು" ಅಂದಳು. ಅವಳ ಮಾತು ಸರಿ ಅನ್ನಿಸಿ ಬೈಯಲು ಕೂತಿದ್ದೇನೆ.

ಚಮಚದ ಮಾತು ಎತ್ತಿದೆಯಲ್ಲ, ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಅವರು ಹೋದ ಮೇಲೆ ನನ್ನ ಕೈಗೆ ವಿರಾಮ ಸಿಗಲಿಲ್ಲ, ಕೆಲಸ ತಪ್ಪಿತು. ಊಟಕ್ಕೆ ಕೂತಾಗ ಎಡಗೈ ಈಗಲೂ ಪಕ್ಕದ ತಟ್ಟೆಯ ಕಡೆ ಹೋಗುತ್ತದೆ. ಅಲ್ಲಿ ತಟ್ಟೆ ಇರುವುದಿಲ್ಲ.

ಇರಲಿ, ಅದು ಭಾವನೆಯ ಮಾತು. ನಾನು ಬರೆಯುತ್ತಿರುವುದು ತೆರಿಗೆಯ ಬಗ್ಗೆ. ಒಡತಿ ಮನೆಯಲ್ಲಿದ್ದರೆ ಒಂದು ದರ, ಇಲ್ಲದಿದ್ದರೆ ಎರಡು. ನೀನು ಅಲ್ಲಿ ಬಾಡಿಗೆ ಕಟ್ಟಿಕೊಂಡು, ಇಲ್ಲಿ ಎರಡು ಪಟ್ಟು ತೆರಿಗೆ ಕಟ್ಟಿಕೊಂಡು, ಗುರುವಾರದ ಹಲ್ಲುಗಳಿಗೆ ಉತ್ತರ ಹೇಳಿಕೊಂಡು ಇರುವುದು ಯಾವ ಊರಿನ ಜಾಣತನ? ಇಲ್ಲೂ ಕೆಲಸವಿದೆ. ಪ್ಯಾಂಟು ಗಿಡ್ಡವಾಯಿತು, ಕಾಲರು ಬಿಗಿಯಾಯಿತು ಅಂತ ದಿನಾ ಜಗಳಕ್ಕೆ ಬರುವವರಿಗೆ ನಾನು ಒಂದು ಬಾಯಲ್ಲಿ ಸಾಲುತ್ತಿಲ್ಲ. ಸೂಜಿಗೆ ದಾರ ಪೋಣಿಸು ಅಂತ ಯಾರೂ ನಿನ್ನನ್ನು ಕೇಳುವುದಿಲ್ಲ. ಬಾಗಿಲಲ್ಲಿ ಕೂತು ವಾದ ಮಾಡು, ಸಾಕು.

ತೆರಿಗೆ ಉಳಿಸಲು ಬಾ. ಬೇರೆ ಯಾವುದಕ್ಕೂ ಬರಬೇಡ.

ಕೈ ನಡುಗಿದರೆ ನಡುಗಲಿ, ಬಾ;
ಬಾಯಿದೆಯಲ್ಲ, ಜಗಳಕೆ ಬಾ.

ಅತ್ತಿಗೆ


ಸೆಪ್ಟೆಂಬರ್ 4

ಅತ್ತಿಗೆ,

ತೆರಿಗೆಗೋಸ್ಕರ ಅಂದರೆ ಬರುತ್ತೇನೆ. ಬೇರೆ ಯಾವುದಕ್ಕಾದರೂ ಆಗಿದ್ದರೆ ಬರುತ್ತಿರಲಿಲ್ಲ, ಗೊತ್ತಿರಲಿ. ಯಜಮಾನರಿಗೆ ಹೇಳಿಯಾಯಿತು. ಟಿಕೆಟ್ ಇನ್ನೂ ತೆಗೆಸಿಲ್ಲ, ತಿಂಗಳ ಕೊನೆಯ ವಾರಕ್ಕೆ ಸಿಕ್ಕರೆ ತಿಳಿಸುತ್ತೇನೆ.

ಒಂದು ಷರತ್ತು. ನನ್ನ ಕೈಯನ್ನು ನೋಡುತ್ತಾ ಕೂರಬಾರದು. ಕಾಫಿ ಚೆಲ್ಲಿದರೆ ಬೈಯಬೇಕು.

ನಾದಿನಿ


ಸೆಪ್ಟೆಂಬರ್ 13

ಪ್ರೀತಿಯ ನಾದಿನಿ,

ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದೆ. ಕಿಟಕಿಗೆ ಹೊಸ ಪರದೆ, ಮಿಕ್ಕ ಶರ್ಟುಬಟ್ಟೆಯ ನೀಲಿ. ಮಂಚವನ್ನು ಓರೆಯಾಗಿ ಹಾಕಿದ್ದೇನೆ, ಇನ್ನು ನಿನ್ನ ಕಾಲು ಗೋಡೆಗೆ ತಾಗುವುದಿಲ್ಲ. ನಿನ್ನ ಲೋಟದ ಹಿಡಿಗೆ ದಪ್ಪ ಬಟ್ಟೆಯ ತೋಳು ಹೊಲಿದಿದ್ದೇನೆ, ಚಮಚಕ್ಕೂ ಒಂದು. ಹಿಡಿ ದಪ್ಪವಿದ್ದರೆ ನಡುಕ ಕಡಿಮೆಯಾಗುತ್ತದೆ, ನಿಮ್ಮಣ್ಣನ ಕಾಲದಲ್ಲಿ ಕಲಿತದ್ದು. ಬಿಸಿನೀರಲ್ಲಿ ಒಗೆದರೂ ಬಣ್ಣ ಬಿಡುವುದಿಲ್ಲ. ಕಾಫಿ ಚೆಲ್ಲಿದರೆ ಬೈಯುವ ಮಾತುಗಳನ್ನು ಈಗಲೇ ಯೋಚಿಸಿಟ್ಟುಕೊಳ್ಳುತ್ತಿದ್ದೇನೆ.

ಟಿಕೆಟ್ ಸಿಕ್ಕಿತೇ? ದಯವಿಟ್ಟು ಬೇಗ ತೆಗೆಸು. ಆಮೇಲೆ ರಶ್ಶಾಗುತ್ತದೆ. ಏನೇ ಸುದ್ದಿ ಕೇಳಿದರೂ ಮೊದಲು ಟಿಕೆಟ್ ತೆಗೆಸು.

ಹಾಸಿಗೆ ಹಾಸಿದೆ, ದಿಂಬನು ಇಟ್ಟೆ;
ಹೊಸಿಲಲಿ ನಿನಗೇ ಜಾಗವ ಬಿಟ್ಟೆ.

ಅತ್ತಿಗೆ


ಸೆಪ್ಟೆಂಬರ್ 21

ಅತ್ತಿಗೆ,

ನಿನ್ನ ಕಾಗದವನ್ನು ಓದಿದ ಕೂಡಲೇ ಒಂದು ವಿಷಯ ಗಮನಕ್ಕೆ ಬಂತು. ಪರದೆ ಇದೆ, ಮಂಚ ಇದೆ, ಚಮಚ ಇದೆ. ತೆರಿಗೆ ಇಲ್ಲ. ಜೂನ್‌ನಿಂದ ಅದಿಲ್ಲದೆ ನೀನು ಒಂದು ಹಾಳೆಯನ್ನೂ ತುಂಬಿಸಿದ್ದಿಲ್ಲ. ಇಸ್ತ್ರಿ ಮಾತಾಡಿದ ಕಾಗದದಲ್ಲೂ ಕಚೇರಿ, ಗಡುವು ಬಂದಿದ್ದವು. ಅಂದರೆ ನಿನಗೂ ಗೊತ್ತಾಗಿದೆ.

ನನಗೆ ಹೇಗೆ ಗೊತ್ತು ಅನ್ನುತ್ತೀಯ? ಫೋನು ಮಾಡುವುದೇ ಈಗ ನನ್ನ ಉದ್ಯೋಗ. ಅಣ್ಣನ ತೀರ್ಪು ನಿನಗೂ ನನಗೂ ಮಾತ್ರ, ನಗರಸಭೆಗಲ್ಲ. ಎಷ್ಟು ದಿನ ಇದ್ದರೆ ವಾಸ ಅನ್ನುತ್ತಾರೆ ಅಂತ ಕೇಳೋಣ ಎಂದು ಹನ್ನೊಂದನೇ ತಾರೀಕು ಕಚೇರಿಗೆ ಮಾಡಿದೆ. ನಿನ್ನ ಗುಮಾಸ್ತನೇ ಎತ್ತಿಕೊಂಡ. ಒಂದೂ ಟಕ್ ಇಲ್ಲ, ಉಜ್ಜಿಸಿಕೊಂಡಿದ್ದಾನೆ. ನಾನು ಯಾರು ಅಂತ ಹೇಳಿದೆ.

"ಅಯ್ಯೋ, ಹಲ್ಲಿನ ಡಾಕ್ಟ್ರಮ್ಮಾ!" ಅಂದ.

"ಡಾಕ್ಟರಲ್ಲ" ಅಂದೆ.

"ನನಗೆ ನೀವೇ ಡಾಕ್ಟರು. ಆದ್ರೆ ಆ ಎರಡು ದರ ರದ್ದಾಯ್ತಲ್ಲಮ್ಮಾ. ಈ ಊರಲ್ಲಿ ಅರ್ಧ ಜನ ಅಕ್ಕನ ಮನೆ, ಮಾವನ ಮನೆ, ತಂಗಿ ಗಂಡನ ಮನೇಲೇ ಇದಾರೆ. ಯಾರು ಒಡೆಯರು, ಯಾರು ಅಲ್ಲ ಅಂತ ವಿಂಗಡಿಸೋಕೆ ಹೋಗಿ ನಮ್ಗೇ ತಲೆ ಕೆಟ್ಟುಹೋಯ್ತು. ಈಗ ಯಾರಿದ್ರೂ ಎಲ್ಲರಿಗೂ ಒಂದೇ ದರ."

ಅವನು ದನಿ ತಗ್ಗಿಸಿ, "ನಿಮ್ಮ ಅತ್ತಿಗೆಗೆ ಹೇಳಿ ಎರಡು ದಿನ ಆಯ್ತು. ರದ್ದಾಯ್ತು ಅನ್ನೋ ನೋಟಿಸು ಒಡತಿ ವಿಳಾಸಕ್ಕೆ ಹೋಗುತ್ತೆ ಅಂದೆ. 'ತಿಂಗಳ ಕೊನೆ ತನಕ ನಿಮ್ಮ ಮೇಜಿನ ಮೇಲೇ ಇರ್ಲಿ, ಕೈ ಮುಗೀತೀನಿ' ಅಂತ ನಿಂತ್ಬಿಟ್ರು. ನಾನು ಹೇಳಿದೆ ಅಂತ ಹೇಳ್ಬೇಡಿ" ಅಂದ.

ಅವನು ಹೇಳಿದ ಅಂತ ನಾನು ಹೇಳುತ್ತಿಲ್ಲ.

ಇಪ್ಪತ್ತೇಳರ ಬೆಳಗಿನ ರೈಲಿಗೆ ಟಿಕೆಟ್ ಆಗಿದೆ. ನಿನ್ನೆ ಹೋಗಿ ತೆಗೆಸಿದೆ. ನಿನ್ನೆ ಅಂದರೆ ಯಾವಾಗ ಅಂತ ನೀನೇ ಕೂಡಿಸಿ ಕಳೆದು ನೋಡು, ಮಾರ್ಜಿನ್ ಬಿಡದೆ. ತೆರಿಗೆಗೆ ನಾನು ಬೇಕಾಗಿಲ್ಲ ಅಂತ ಗೊತ್ತಾಗಿ ಒಂಬತ್ತು ದಿನವಾಗಿತ್ತು. ಒಂದು ಕಡೆಯ ಟಿಕೆಟ್.

ನಿಲ್ದಾಣಕ್ಕೆ ಬಾ. ಪೆಟ್ಟಿಗೆ ನಾನೇ ಹಿಡಿದುಕೊಳ್ಳುತ್ತೇನೆ. ನಡುಗಿದರೆ ನೋಡದ ಹಾಗೆ ಇನ್ನೊಂದು ಬದಿಯ ಹಿಡಿಗೆ ಕೈ ಹಾಕು. ನಾನೇ ಹೊರುತ್ತಿದ್ದೇನೆ ಅಂತ ನನಗೆ ಅನ್ನಿಸಲಿ. ಅದು ನಿನಗೆ ಬರುತ್ತದೆ.

ಪ್ರಾಸ ನನಗೆ ಬರುವುದಿಲ್ಲ. ಒಂದು ಸಾಲಿಗೇ ಸುಸ್ತಾದೆ. ಕೆಳಗೆ ಇನ್ನೊಂದರಷ್ಟು ಜಾಗ ಬಿಟ್ಟಿದ್ದೇನೆ, ನಾನು ಬಂದ ಮೇಲೆ ನೀನೇ ತುಂಬು.

ತೆರಿಗೆ ಹೋಯಿತು, ನೆಪವೂ ಹೋಯಿತು;